ಕೆಂಪು ದೀಪದ ಮೇಕೆ

ಗಕೇನಿಯಾಳ ದೊಡ್ಡಮ್ಮನೂ ಇಬ್ಬರು ಚಿಕ್ಕಮ್ಮಂದಿರೂ ಶನಿವಾರ ಮನೆ ನೋಡಲು ಬರುತ್ತಾರೆಂಬ ಸುದ್ದಿ ಮಂಗಳವಾರ ಬಂತು. ಆಗ ಸಿತುಮನ ಮಂಚದ ಕಾಲಿಗೆ ಒಂದು ಮೇಕೆ ಕಟ್ಟಿತ್ತು. ಕಟ್ಟಿ ಇಪ್ಪತ್ತೇಳು ದಿನವಾಗಿತ್ತು.

ನೈರೋಬಿಯ ಝಿಮರ್‌ಮನ್ನಿನಲ್ಲಿ ನಾಲ್ಕನೇ ಮಹಡಿಯ ಬಾಡಿಗೆ ಮನೆ ಅದು. ಒಂದು ಹಜಾರ, ಒಂದು ಮಲಗುವ ಕೋಣೆ, ಒಬ್ಬರು ಒಳಗೆ ನಿಂತರೆ ಇನ್ನೊಬ್ಬರು ಹೊರಗೆ ಕಾಯಬೇಕಾದ ಅಡುಗೆಮನೆ. ಮೇಕೆಗೆ ಹಜಾರ ಹಿಡಿಸಲಿಲ್ಲ. ಸೋಫಾದ ಒಂದು ಕೈಯನ್ನು ತಿಂದು ನೋಡಿ, ರುಚಿಯಿಲ್ಲವೆಂದು ತೀರ್ಮಾನಿಸಿ, ಮಲಗುವ ಕೋಣೆಗೆ ಬಂದು ನೆಲೆಸಿತ್ತು.

"ನೋಡು, ದೊಡ್ಡಮ್ಮ ಒಪ್ಪಿದ್ರೆ ಅಪ್ಪ ಒಪ್ಪಿದ ಹಾಗೆ," ಎಂದಳು ಗಕೇನಿಯಾ ಫೋನಿನಲ್ಲಿ. "ಅವಳು ಮೂಗು ಮುರಿದ್ರೆ ಮುಗೀತು. ನಮ್ಮಕ್ಕನಿಗೆ ಗೊತ್ತುಮಾಡಿದ್ದ ಹುಡುಗನ ಮನೇಲಿ ಚಹಾ ಲೋಟಕ್ಕೆ ಕರೆ ಹಿಡಿದಿತ್ತು ಅಂತ ಅರ್ಧ ಚಹಾ ಬಿಟ್ಟು ಎದ್ದು ಬಂದವಳು. ಶನಿವಾರ ಆ ಮೇಕೆ ಅಲ್ಲಿರಬಾರದು."

"ಇರಲ್ಲ."

"ಅದಿದ್ರೆ ನಾನಿರಲ್ಲ."

ಮೂರು ವರ್ಷದಿಂದ ಪ್ರೀತಿಸಿದ ಹುಡುಗಿ ಹಾಗೆ ಹೇಳಿದರೆ ಯಾವ ಗಂಡಸಾದರೂ ಹಗ್ಗ ಬಿಚ್ಚಿ ಮೇಕೆಯನ್ನು ಬೀದಿಗೆ ಅಟ್ಟುತ್ತಾನೆ. ಸಿತುಮ ಅಟ್ಟುವಂತಿರಲಿಲ್ಲ. ಅದು ಅವನ ಮೇಕೆಯಲ್ಲ, ಆಫೀಸಿನದು. ಯಾಕೆ ಬಂತು ಎಂದು ಹೇಳಬೇಕಾದರೆ ಆಫೀಸಿನ ಗೋಡೆಯ ಮೇಲಿನ ದೀಪದಿಂದ ಶುರುಮಾಡಬೇಕು.

ಊರೂರಿಗೆ ಹೋಗುವ ಬಸ್ಸುಗಳಲ್ಲಿ ಜನ ಗಂಟುಮೂಟೆ ಕಳಿಸುತ್ತಾರಲ್ಲ, ಯಾವ ಬಸ್ಸು ಎಲ್ಲಿಗೆ, ಎಷ್ಟು ಹೊತ್ತಿಗೆ, ಯಾರ ಮೂಟೆ ಎಲ್ಲಿ ಇಳಿಯಿತು ಎಂದು ಫೋನಿನಲ್ಲಿ ತೋರಿಸುವ ಆಪ್ ಆ ಕಂಪನಿಯದು. ಅದರ ಕೋಡ್ ಬರೆಯುವವರು ಸಿತುಮನೂ ಸೇರಿ ನಾಲ್ಕು ಜನ, ಅವರ ಮೇಲೆ ಕಥಂಬಿ ಮೇಡಂ. ಕೋಡ್ ಬರೆಯುವುದೆಂದರೆ ನಾಲ್ಕು ಜನ ಸೇರಿ ಒಂದೇ ಪಾತ್ರೆಯಲ್ಲಿ ಸಾರು ಮಾಡಿದ ಹಾಗೆ. ಒಬ್ಬೊಬ್ಬರೂ ತಿಂಗಳುಗಟ್ಟಲೆ ಮೂಲೆಯಲ್ಲಿ ಕೂತು ತಮ್ಮ ಪಾಲು ಬೇಯಿಸಿ ಕೊನೆಗೆ ಒಟ್ಟಿಗೆ ಸುರಿದರೆ ಅದು ಸಾರಾಗುವುದಿಲ್ಲ, ಕಲಗಚ್ಚಾಗುತ್ತದೆ. ಅದಕ್ಕೇ ಈ ಕಸುಬಿನವರು ಒಂದು ಪದ್ಧತಿ ಮಾಡಿಕೊಂಡಿದ್ದಾರೆ. ಬರೆದಷ್ಟನ್ನು ದಿನಕ್ಕೆ ನಾಲ್ಕೈದು ಸಲ, ಚಿಟಿಕೆ ಚಿಟಿಕೆಯಾಗಿ, ಎಲ್ಲರ ಪಾತ್ರೆಗೆ ಹಾಕಬೇಕು. ಹಾಕಿದ ಕೂಡಲೇ ಒಂದು ಯಂತ್ರ ರುಚಿ ನೋಡುತ್ತದೆ. ಸರಿಯಿದ್ದರೆ ಗೋಡೆಯ ದೀಪ ಹಸಿರು, ಹೊಸ ಸಾರು ತಾನಾಗಿಯೇ ಗಿರಾಕಿಗಳ ಫೋನಿಗೆ ಹೋಗಿ ಬಡಿಸಿಕೊಳ್ಳುತ್ತದೆ. ಕೆಟ್ಟರೆ ದೀಪ ಕೆಂಪು, ಎಲ್ಲರೂ ಕೈಯಲ್ಲಿದ್ದದ್ದು ಬಿಟ್ಟು ಮೊದಲು ಅದನ್ನು ಸರಿಮಾಡಬೇಕು. ಕೆಂಪಾಗುವುದೇನೂ ಮಹಾ ಅಪರಾಧವಲ್ಲ. ಹುಳಿ ಹೆಚ್ಚಾದರೆ ಗೊತ್ತಾಗಲಿ ಎಂದೇ ತಾನೆ ರುಚಿ ನೋಡುವುದು?

ಕಥಂಬಿ ಮೇಡಮ್ಮಿಗೆ ಮಾತ್ರ ಕೆಂಪು ಕಂಡರೆ ಆಗದು. ಮೇರು ಕಡೆಯ ಹೆಂಗಸು. ಅವಳ ತಾತ ಅಲ್ಲಿಯ ಹಿರಿಯರ ಪಂಚಾಯ್ತಿಯಲ್ಲಿ ಮರದಡಿ ಕೂತು ನ್ಯಾಯ ಹೇಳಿದವನು. ವರ್ಷದ ಮೊದಲ ಮೀಟಿಂಗಿನಲ್ಲಿ ಆಕೆ ಎದ್ದು ನಿಂತು, "ನಮ್ಮ ತಾತನ ಕಾಲದಲ್ಲಿ ತಪ್ಪಿಗೆ ಮೇಕೆ. ಇನ್ಮೇಲೆ ಇಲ್ಲೂ ತಪ್ಪಿಗೆ ಮೇಕೆ," ಎಂದಳು. ಇನ್ನು ವಾರಕ್ಕೊಮ್ಮೆ ಸುಟ್ಟ ಮಾಂಸ ಗ್ಯಾರಂಟಿ ಎಂದು ಎಲ್ಲರೂ ಚಪ್ಪಾಳೆ ತಟ್ಟಿದರು. ಆಕೆ ಮಾರನೇ ದಿನ ಕಪ್ಪು ಬಿಳುಪಿನ ಒಂದು ಹೋತವನ್ನು ಲಿಫ್ಟಿನಲ್ಲಿ ಕರೆತಂದು, "ಯಾರು ದೀಪ ಕೆಂಪು ಮಾಡ್ತಾರೋ ಅವರ ಮನೇಲಿ ಇದು ಇರುತ್ತೆ. ಮುಂದಿನವರು ಕೆಡಿಸೋ ತನಕ," ಎಂದಾಗ ಮತ್ತೆ ಶುರುವಾಗಿದ್ದ ಚಪ್ಪಾಳೆ ಅರ್ಧಕ್ಕೇ ನಿಂತಿತು.

ನಿಯಮಗಳನ್ನು ಅಚ್ಚುಹಾಕಿಸಿ ದೀಪದ ಕೆಳಗೆ ಅಂಟಿಸಲಾಯಿತು. ದಿನಾ ಬೆಳಿಗ್ಗೆ ಎಂಟಕ್ಕೆ ಮೇಕೆಯ ಜೊತೆ ನಿಂತ ಫೋಟೋ ಆಫೀಸಿನ ಗುಂಪಿಗೆ ಬರಬೇಕು, ಹಿಂದೆ ಸ್ವಂತ ಮನೆಯ ಗೋಡೆ ಕಾಣಬೇಕು. ಬೇಕೆಂದೇ ಕೆಡಿಸಿದರೆ ಲೆಕ್ಕಕ್ಕಿಲ್ಲ. ಒಬ್ಬರೇ ಎರಡು ಸಲ ಕೆಡಿಸಿದರೆ ಎರಡನೇ ಮೇಕೆ ಬರುತ್ತದೆ. ಮೇಕೆ ಕಳೆದುಹೋದರೆ ಅಥವಾ ಸತ್ತರೆ ಕೆಲಸವೂ ಅದರ ಹಿಂದೆಯೇ ಹೋಯಿತೆಂದು ತಿಳಿಯತಕ್ಕದ್ದು. ಅದರ ಗಡ್ಡ, ಅದರ ಗತ್ತು, ಊಟದ ಹೊತ್ತಿಗೆ ಮಾತ್ರ ಎಚ್ಚರವಾಗುವ ಅಭ್ಯಾಸ ನೋಡಿ ಹುಡುಗರು ಪಾರ್ಲಿಮೆಂಟಿನವರನ್ನು ಕರೆಯುವ ಹಾಗೆ ಅದಕ್ಕೆ 'ಮಾನ್ಯರು' ಎಂದು ಹೆಸರಿಟ್ಟರು.

ಆಡು ಮುಟ್ಟದ ಸೊಪ್ಪಿಲ್ಲ ಎನ್ನುತ್ತಾರೆ. ಮಾನ್ಯರು ಸೊಪ್ಪಿಗೆ ನಿಲ್ಲುವವರಾಗಿರಲಿಲ್ಲ. ಮೊದಲು ದೀಪ ಕೆಡಿಸಿದ ಮುಯಿಮಿಯ ಮನೆಯಲ್ಲಿದ್ದಾಗ ಅವನ ಹೆಂಡತಿ ಚರ್ಚಿನಲ್ಲಿ ಹಾಡುವಾಗ ತೊಡುವ ನಿಲುವಂಗಿಯನ್ನು ಮೊಣಕಾಲಿನವರೆಗೆ ತಿಂದರು. ಅವನ ನಂತರ ಕೆಡಿಸಿದ ಅಕೆಯೊಳ ಮನೆಯಲ್ಲಿ ಎರಡು ದಿನವಿದ್ದು ಅವಳ ಹೊಸ ವಿಗ್ ಮುಗಿಸಿದರು. ಆಮೇಲೆ ಒಂದು ಬುಧವಾರ ಸಿತುಮ ಗರಿಸ್ಸದ ಬಸ್ಸನ್ನು ಪಟ್ಟಿಗೆ ಸೇರಿಸುವಾಗ ಒಂದು ಅಲ್ಪವಿರಾಮ ಮರೆತ. ದೀಪ ಒಂದು ಗಂಟೆ ಕೆಂಪಗಿತ್ತು. ಸಂಜೆ ಸಿತುಮನೂ ಮಾನ್ಯರೂ ಒಂದೇ ಮಟಾಟು ವ್ಯಾನಿನಲ್ಲಿ, ಒಂದೇ ಸೀಟಿನಲ್ಲಿ ಝಿಮರ್‌ಮನ್ನಿಗೆ ಹೋದರು.

ಅಲ್ಲಿಗೆ ಆಟ ನಿಂತಿತು. ಯಾರೂ ಕೆಡಿಸಲಿಲ್ಲ, ಏಕೆಂದರೆ ಯಾರೂ ಏನೂ ಹಾಕಲಿಲ್ಲ. ನಾಳೆ ಹಾಕುತ್ತೇನೆ, ಇನ್ನೊಮ್ಮೆ ನೋಡಿ ಹಾಕುತ್ತೇನೆ ಎನ್ನುತ್ತ ನಾಲ್ವರೂ ತಮ್ಮ ತಮ್ಮ ಲ್ಯಾಪ್‌ಟಾಪಿನಲ್ಲೇ ಬೇಯಿಸುತ್ತ ಕೂತರು. ಎರಡನೇ ಮೇಕೆಯ ಹೆದರಿಕೆಯಿಂದ ಸಿತುಮನೂ ಕೈಕಟ್ಟಿ ಕೂತ. ಯಂತ್ರ ಪಾಪ, ಹಳೆಯ ಸಾರನ್ನೇ ದಿನಾ ನೆಕ್ಕಿ, ಚೆನ್ನಾಗಿದೆ ಎನ್ನುತ್ತಿತ್ತು. ದೀಪ ಹಸಿರೋ ಹಸಿರು.

ಬುಧವಾರ ಸಿತುಮ ಮುಯಿಮಿಯ ಮೇಜಿಗೆ ಹೋಗಿ ಕುರ್ಚಿ ಎಳೆದುಕೊಂಡ.

"ಮುಯಿಮಿ, ಒಂದೇ ಒಂದು ಸಲ ನಿನ್ನ ಕೋಡ್ ಹಾಕೋ. ಕೆಟ್ರೆ ಕೆಡ್ಲಿ. ನಾಲ್ಕು ದಿನ ಇಟ್ಕೋ, ಸೋಮವಾರ ನಾನೇ ವಾಪಸ್ ತಗೋತೀನಿ."

"ನನ್ನ ಹೆಂಡ್ತಿ ಅರ್ಧ ನಿಲುವಂಗಿ ಹಾಕ್ಕೊಂಡು ಹಾಡ್ತಿದಾಳೆ ಗುರು. ಇನ್ನೊಂದು ಸಲ ಮೇಕೆ ಬಂದ್ರೆ ನಾನು ಕೊಟ್ಟಿಗೆಗೆ, ಅದು ಹಾಸಿಗೆಗೆ."

"ನಿನ್ನ ಕೋಡ್ ಸರಿ ಇದೆ ತಾನೆ? ಹೆದರಿಕೆ ಯಾಕೆ?"

"ಸರಿ ಇದೆ. ಸರಿ ಇರೋದಕ್ಕೇ ಹೆದರಿಕೆ. ಹಾಕಿದ್ರೆ ತಾನೆ ಕೆಡೋದು?" ಎಂದು ಮುಯಿಮಿ ಕಾಲು ಅಲ್ಲಾಡಿಸಿದ. ತಿಂಗಳ ಕೆಲಸವನ್ನೆಲ್ಲ ಪೆನ್‌ಡ್ರೈವಿಗೆ ಹಾಕಿ ಅದನ್ನು ಕಾಲುಚೀಲದಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ.

ಆ ಕಾಲುಚೀಲದಲ್ಲಿ ಕಿಟಾಲೆಯ ಎರಡು ಗಂಟೆಯ ಬಸ್ಸೂ ಇತ್ತು. ಆ ಬಸ್ಸು ನಿಂತುಹೋಗಿ ತಿಂಗಳಾಗಿತ್ತು. ಮುಯಿಮಿ ಅದನ್ನು ಪಟ್ಟಿಯಿಂದ ತೆಗೆದೂ ತಿಂಗಳಾಗಿತ್ತು. ಆದರೆ ತೆಗೆದದ್ದು ಕಾಲುಚೀಲದಲ್ಲಿದ್ದರೆ ಜನರ ಫೋನಿಗೆ ಹೇಗೆ ಗೊತ್ತಾಗಬೇಕು? ಕಿಟಾಲೆಯಲ್ಲಿ ದಿನಾ ಮೂವತ್ತು ನಲವತ್ತು ಮಂದಿ ಅವಕಾಡೋ ಮೂಟೆ ಕಟ್ಟಿಕೊಂಡು ಇಲ್ಲದ ಬಸ್ಸಿಗೆ ಕಾಯುತ್ತಿದ್ದರು. ಕಾಯುವವರು ಇದ್ದಾರೆಂದು ಒಬ್ಬಾಕೆ ಅಲ್ಲಿ ಚಹಾದ ಅಂಗಡಿ ಇಟ್ಟಿದ್ದಳು. ಅವಳ ಪಕ್ಕದಲ್ಲಿ ಕ್ಷೌರದಂಗಡಿಯೂ ಬಂದಿತ್ತು.

ಅಕೆಯೊ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದ್ದಳು. ಲ್ಯಾಪ್‌ಟಾಪನ್ನು ಮೂರು ಭಾನುವಾರ ಚರ್ಚಿಗೆ ಒಯ್ದು ಪಾದ್ರಿಯಿಂದ ಪ್ರಾರ್ಥನೆ ಮಾಡಿಸಿದ್ದಳು. ಮೂರನೇ ಸಲ ಅವರು ಪವಿತ್ರ ಎಣ್ಣೆಯನ್ನು ಸ್ವಲ್ಪ ಧಾರಾಳವಾಗಿ ಹಚ್ಚಿದ್ದರಿಂದ ಅರ್ಧ ಗುಂಡಿಗಳು ಅಂಟಿಕೊಂಡಿದ್ದವು.

"ದೇವರ ಅಪ್ಪಣೆ ಇನ್ನೂ ಆಗಿಲ್ಲ ಸಿತುಮ," ಎಂದಳು. "ಮತ್ತೆ ನನ್ನ ವಿಗ್ ಬಗ್ಗೆ ಮಾನ್ಯರು ಏನಾದ್ರೂ ಹೇಳಿದ್ರಾ?"

"ಏನ್ ಹೇಳ್ತಾರೆ?"

"ಕ್ಷಮೆ ಗಿಮೆ."

ಉಳಿದವನು ಗುಯೊ. ಮಾರ್ಸಬಿಟ್ ಕಡೆಯ ಬೊರಾನ ಹುಡುಗ, ಅಪ್ಪನ ಹತ್ತಿರ ಮುನ್ನೂರು ಮೇಕೆ. ಒಮ್ಮೆಯೂ ದೀಪ ಕೆಡಿಸದವನು. ಮೇಕೆ ಬಲ್ಲವನಾದ್ದರಿಂದ ಅವನಾದರೂ ಒಪ್ಪಿಯಾನು ಎಂದು ಸಿತುಮ ಗುರುವಾರ ಅವನನ್ನು ಊಟಕ್ಕೆ ಕರೆದ. ಗುಯೊ ಉಗಾಲಿ ಮುದ್ದೆ ಮುರಿಯುತ್ತ ಎಲ್ಲವನ್ನೂ ಕೇಳಿಸಿಕೊಂಡ.

"ನಮ್ಮಪ್ಪ ಫೋನ್ ಮಾಡಿದಾಗೆಲ್ಲ ಕೇಳ್ತಾರೆ, ನಿಮ್ಮ ಆಫೀಸಲ್ಲಿ ತಪ್ಪು ಮಾಡಿದ್ರೆ ಏನ್ ಮಾಡ್ತಾರೆ ಅಂತ. ಮೇಕೆ ಕೊಡ್ತಾರೆ ಅಂತ ನಾನು ಹೆಂಗ್ ಹೇಳ್ಲಿ? ನಮ್ಮಲ್ಲಿ ಮೇಕೆ ಕೊಡೋದು ಶಿಕ್ಷೆ ಅಲ್ಲ ಕಣೋ, ಕಿತ್ಕೊಳ್ಳೋದು ಶಿಕ್ಷೆ. ನನಗೆ ಮೇಕೆ ಬಂತು ಅಂದ್ರೆ ನಮ್ಮಪ್ಪ ಊರಿಗೆಲ್ಲ ಊಟ ಹಾಕಿಸ್ತಾರೆ. ಆಮೇಲೆ ನಿಜ ಗೊತ್ತಾದ್ರೆ ಮುಖ ಎಲ್ಲಿಡೋದು?"

"ಹಂಗಾದ್ರೆ ನಾನು ಏನ್ ಮಾಡ್ಲಿ?"

"ಗೆಣಸಿನ ಬಳ್ಳಿ ಹಾಕು. ಎಲೆಕೋಸು ಹಾಕಿದ್ರೆ ಹೊಟ್ಟೆ ಉಬ್ಬುತ್ತೆ," ಎಂದ ಗುಯೊ. ಅವನ ದೃಷ್ಟಿಯಲ್ಲಿ ಅದು ದೊಡ್ಡ ಸಹಾಯ.

ಶುಕ್ರವಾರ ಬೇರೆ ದಾರಿಯಿಲ್ಲದೆ ಸಿತುಮ ಕಥಂಬಿ ಮೇಡಮ್ಮಿನ ಬಾಗಿಲು ತಟ್ಟಿದ. ಒಳಗೆ ಆಕೆ ಒಂದು ದೊಡ್ಡ ಬ್ಯಾನರನ್ನು ನೆಲದ ಮೇಲೆ ಹಾಸಿ ನೋಡುತ್ತಿದ್ದಳು. ಮೂವತ್ತು ದಿನ ಹಸಿರು ಎಂದು ಅದರಲ್ಲಿ ಆಳೆತ್ತರದ ಅಕ್ಷರ, ಪಕ್ಕದಲ್ಲಿ ಮಾನ್ಯರ ಭಾವಚಿತ್ರ.

"ಬಾ ಸಿತುಮ, ಸಕಾಲಕ್ಕೆ ಬಂದೆ. ಸೋಮವಾರ ಹೊರದೇಶದಿಂದ ಮೂರು ಜನ ಬರ್ತಿದಾರೆ. ಒಂದು ತಿಂಗಳು ಒಂದ್ಸಲಾನೂ ಕೆಂಪಾಗದ ಆಫೀಸು ಭೂಮಿ ಮೇಲೆ ಎಲ್ಲೂ ಇಲ್ವಂತೆ. ನಮ್ಮ ಪದ್ಧತಿ ಕಲಿಯೋಕೆ ಬರ್ತಿದಾರೆ. ಮಾನ್ಯರನ್ನ ಸ್ನಾನ ಮಾಡ್ಸಿ ಕರ್ಕೊಂಡು ಬಾ."

"ಮೇಡಂ, ದೀಪ ಹಸಿರಾಗಿರೋದು ಯಾರೂ ಏನೂ ಹಾಕದೇ ಇರೋದಕ್ಕೆ."

"ಕಾರಣ ಏನಾದ್ರೂ ಇರ್ಲಿ, ಹಸಿರು ಹಸಿರೇ."

"ಒಲೆ ಹಚ್ಚದ ಮನೇಲಿ ಅನ್ನ ಸೀಯಲ್ಲ ಮೇಡಂ. ಹಂಗಂತ ಅವರನ್ನ ಒಳ್ಳೆ ಅಡುಗೆಯವರು ಅನ್ನೋಕಾಗುತ್ತಾ?"

ಮೇಡಂ ಕನ್ನಡಕ ತೆಗೆದು ಅವನನ್ನೇ ನೋಡಿದಳು. ಸಿತುಮ ಧೈರ್ಯ ಮಾಡಿ ಮನೆ ನೋಡಲು ಬರುವವರ ವಿಷಯ ಹೇಳಿದ. ನಾಳೆ ಒಂದು ದಿನ, ಬರೀ ಒಂದು ದಿನ ಮೇಕೆಯನ್ನು ಬೇರೆ ಎಲ್ಲಾದರೂ ಇಡಲು ಕೇಳಿಕೊಂಡ.

"ನಮ್ಮ ತಾತ ನ್ಯಾಯ ಹೇಳಿದ್ಮೇಲೆ ಯಾರಿಗೂ ಒಂದು ದಿನ ರಜ ಕೊಟ್ಟವರಲ್ಲ," ಎಂದಳು ಕಥಂಬಿ. ಅಲ್ಲಿಗೆ ಮಾತು ಮುಗಿಯಿತು.

ಶನಿವಾರ ಬೆಳಿಗ್ಗೆ ಸಿತುಮ ನೆಲವನ್ನು ಮೂರು ಸಲ ಒರೆಸಿದ. ಊದುಬತ್ತಿ ಹಚ್ಚಿದ. ಈಗ ಮನೆ ಊದುಬತ್ತಿ ಹಚ್ಚಿಕೊಂಡ ಮೇಕೆಯಂತೆ ನಾರುತ್ತಿತ್ತು. ಮಾನ್ಯರ ಮುಂದೆ ಒಂದು ಹೊರೆ ಗೆಣಸಿನ ಬಳ್ಳಿ ಹಾಕಿ, "ಸ್ವಾಮಿ, ಎರಡು ಗಂಟೆ ಬಾಯಿ ಮುಚ್ಕೊಂಡು ತಿನ್ನಿ. ನನ್ನ ಮದುವೆ ನಿಮ್ಮ ಬಾಯಲ್ಲಿದೆ," ಎಂದು ಕೈಮುಗಿದು ಕೋಣೆಯ ಬಾಗಿಲೆಳೆದ.

ಹನ್ನೊಂದಕ್ಕೆ ಹೆಂಗಸರು ಬಂದರು. ಮುಂದೆ ದೊಡ್ಡಮ್ಮ ವಾಹು, ತಲೆಗೆ ಬಿಗಿಯಾಗಿ ಬಟ್ಟೆ ಕಟ್ಟಿ, ನಾಲ್ಕು ಮಹಡಿ ಹತ್ತಿಯೂ ಏದುಸಿರು ಬಿಡದವಳು. ಹಿಂದೆ ಬಾಳೆಗೊನೆ ಹೊತ್ತ ಇಬ್ಬರು ಚಿಕ್ಕಮ್ಮಂದಿರು, ಕೊನೆಯಲ್ಲಿ ಮುಖ ಬಿಳಿಚಿಕೊಂಡ ಗಕೇನಿಯಾ. 'ಹೋಯ್ತಾ?' ಎಂದು ಅವಳು ಕಣ್ಣಲ್ಲೇ ಕೇಳಿದಳು. ಸಿತುಮ ಕಣ್ಣು ತಪ್ಪಿಸಿದ.

ದೊಡ್ಡಮ್ಮ ಸೋಫಾದ ಮೇಲೆ ಕೂತು ಎಡಗೈ ಊರಲು ಹೋದರೆ ಅಲ್ಲಿ ಏನೂ ಇರಲಿಲ್ಲ.

"ಇದಕ್ಕೆ ಒಂದು ಕೈ ಯಾಕಿಲ್ಲಪ್ಪಾ?"

"ಈಗಿನ ಮಾದರಿ ದೊಡ್ಡಮ್ಮ."

"ಹಲ್ಲಿನ ಗುರುತೂ ಈಗಿನ ಮಾದರಿಯಾ?"

ಸಿತುಮ ಚಹಾ ತರಲು ಅಡುಗೆಮನೆಗೆ ಓಡಿದ. ಲೋಟಗಳು ಹೊಸವು, ಕರೆಯಿಲ್ಲ. ದೊಡ್ಡಮ್ಮ ಲೋಟವನ್ನು ಬೆಳಕಿಗೆ ಹಿಡಿದು ನೋಡಿ, ಒಂದು ಗುಟುಕು ಕುಡಿದು, ತಲೆಯಾಡಿಸಿದಳು. ಗಕೇನಿಯಾಳ ಮುಖಕ್ಕೆ ಸ್ವಲ್ಪ ರಕ್ತ ಬಂತು. ಆಗ ಮಾನ್ಯರು ಕೋಣೆಯೊಳಗಿಂದ ಒಂದು ಭಾಷಣ ಮಾಡಿದರು.

ಸಿತುಮ ಜೋರಾಗಿ ಕೆಮ್ಮಿದ. "ಮೇಲಿನ ಮನೆಯವರು ದೊಡ್ಡಮ್ಮ. ಯಾವಾಗ್ಲೂ ಹಂಗೇ."

"ಮೇಲಿನ ಮನೆಯವರು ನಿನ್ನ ಮಂಚದ ಪಕ್ಕದಲ್ಲಿ ನಿಂತು ಮಾತಾಡ್ತಾರಾ?" ಎನ್ನುತ್ತ ವಾಹು ಎದ್ದು ಬಾಗಿಲು ತಳ್ಳಿದಳು.

ಬಾಯಲ್ಲಿ ಬಳ್ಳಿ ಜೋತಾಡಿಸಿಕೊಂಡು ಮಾನ್ಯರು ಅವಳನ್ನು ನೋಡಿದರು. ಅವಳೂ ನೋಡಿದಳು. ಮಂಚ ನೋಡಿದಳು, ಹಗ್ಗ ನೋಡಿದಳು, ಗೆಣಸಿನ ಬಳ್ಳಿ ನೋಡಿದಳು. ಆಮೇಲೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಮೇಕೆಯ ಬೆನ್ನಮೂಳೆಯ ಮೇಲೆ ಹೆಬ್ಬೆರಳು ಒತ್ತಿ, ಪಕ್ಕೆ ತಡವಿ, ಅಳತೊಡಗಿದಳು.

"ಮನೆ ಒಳಗೆ! ಹಾಸಿಗೆ ಪಕ್ಕ!" ಎಂದು ತಂಗಿಯರನ್ನು ಕೂಗಿದಳು. "ನೋಡ್ರೇ ಇಲ್ಲಿ! ನಮ್ಮಜ್ಜಿ ಹಿಂಗೇ ಗುಡಿಸಲ ಒಳಗೆ ಮಂಚದ ಪಕ್ಕ ಕಟ್ಟಿ, ಗೆಣಸಿನ ಬಳ್ಳಿ ಹಾಕಿ ಕೊಬ್ಬಿಸ್ತಿದ್ಲು, ದೊಡ್ಡ ನೆಂಟರು ಬಂದ ದಿನ ಕಡಿಯೋಕೆ. ಐವತ್ತು ವರ್ಷ ಆಯ್ತು ಈ ಮರ್ಯಾದೆ ಕಂಡು. ಬೇರೆ ಕುಲದ ಈ ಬುಕುಸು ಹುಡುಗ, ಈ ಪೇಟೆ ಮನೇಲಿ, ನಾಲ್ಕು ಮಹಡಿ ಮೇಲೆ ನಮಗೋಸ್ಕರ ಮೇಕೆ ಕೊಬ್ಬಿಸಿದಾನೆ!"

ಚಿಕ್ಕಮ್ಮಂದಿರು ಸಂತೋಷ ತಡೆಯಲಾರದೆ, ಮಗು ಹುಟ್ಟಿದಾಗ ಹೆಂಗಸರು ಹಾಕುವ ಹಾಗೆ, ನಾಲಗೆ ಹೊರಳಿಸಿ ಉಲಿ ಹಾಕಿದರು. ಎದುರುಮನೆಯವರು ಬಾಗಿಲು ತೆಗೆದು 'ಮಗು ಆಯ್ತಾ?' ಎಂದು ಇಣುಕಿದರು. ಗಕೇನಿಯಾ ಹಿಂದಿನಿಂದ ಸಿತುಮನ ಸೊಂಟಕ್ಕೆ ಚಿವುಟಿ, "ಹೂಂ ಅನ್ನು," ಎಂದು ಹಲ್ಲು ಕಚ್ಚಿ ಪಿಸುಗುಟ್ಟಿದಳು.

ಹೂಂ ಎಂದರೆ ಮದುವೆ ಆಯಿತು. ಹೂಂ ಎಂದರೆ ಮೇಕೆಯನ್ನು ಈಗಲೇ ಕಡಿಯಬೇಕು, ಕೆಲಸವೂ ಹೋಯಿತು. ಅಷ್ಟೇ ಆಗಿದ್ದರೆ ಸಿತುಮ ಹೂಂ ಎಂದುಬಿಡುತ್ತಿದ್ದನೇನೋ. ಆದರೆ ಮುದುಕಿ ತಲೆಬಟ್ಟೆಯ ತುದಿಯಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಆ ಕಣ್ಣೀರಿಗೆ ಸುಳ್ಳು ಹೇಳಲು ಅವನಿಂದ ಆಗಲಿಲ್ಲ.

"ಅದು ನಿಮಗೋಸ್ಕರ ಅಲ್ಲ ದೊಡ್ಡಮ್ಮ," ಎಂದ. "ಅದು ನಾನು ಮಾಡಿದ ತಪ್ಪಿಗೆ ಬಂದಿರೋದು."

ಗಕೇನಿಯಾ ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ದೊಡ್ಡಮ್ಮ ಮೆಲ್ಲಗೆ ಎದ್ದು ಬಂದು ಒಂಟಿಕೈಯ ಸೋಫಾದ ಮೇಲೆ ಕೂತಳು.

"ಏನ್ ತಪ್ಪು?"

"ಒಂದು ಅಲ್ಪವಿರಾಮ ಮರೆತೆ."

"ಯಾರಾದ್ರೂ ಸತ್ರಾ?"

"ಇಲ್ಲ. ಒಂದು ದೀಪ ಒಂದು ಗಂಟೆ ಕೆಂಪಗಾಯ್ತು."

"ಆಮೇಲೆ?"

"ಆಮೇಲೆ ಆಫೀಸಿನವರು ಈ ಮೇಕೆ ಕೊಟ್ರು."

ಮೂವರು ಹೆಂಗಸರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ತಪ್ಪು ಮಾಡಿದ್ದು ನೀನು, ಮೇಕೆ ಕೊಟ್ಟಿದ್ದೂ ನಿಂಗೆ?" ಎಂದಳು ದೊಡ್ಡ ಚಿಕ್ಕಮ್ಮ. "ತಪ್ಪು ಮಾಡಿದ್ರೇ ಮೇಕೆ ಕೊಡ್ತಾರೆ ಅಂದ್ರೆ ಸರಿ ಮಾಡಿದ್ರೆ ಏನ್ ಕೊಡ್ತಾರಪ್ಪಾ?"

"ಏನೂ ಇಲ್ಲ. ದೀಪ ಹಸಿರಾಗುತ್ತೆ."

"ನಮ್ಮ ಹುಡುಗ ಒಬ್ಬ ಇದಾನೆ," ಎಂದಳು ಚಿಕ್ಕ ಚಿಕ್ಕಮ್ಮ ಆಸೆಯಿಂದ. "ಬೆಳಗಿಂದ ಸಂಜೆ ತನಕ ಬರೀ ತಪ್ಪೇ ಮಾಡ್ತಾನೆ. ನಿಮ್ಮ ಆಫೀಸಲ್ಲಿ ಜಾಗ ಇದ್ಯಾ?"

"ಸುಮ್ನಿರ್ರೇ," ಎಂದಳು ವಾಹು. ಅವಳು ನಗುತ್ತಿರಲಿಲ್ಲ. "ತಪ್ಪಿನ ಮೇಕೇನ ಯಾರಾದ್ರೂ ಸಾಕ್ತಾರಾ? ತಪ್ಪು ಮಾಡಿದವನು ಮೇಕೆ ತರ್ಬೇಕು, ಎಲ್ಲರೂ ಕೂತು ತಿನ್ಬೇಕು, ಕೈ ತೊಳ್ಕೊಂಡು ಎದ್ದ್ಮೇಲೆ ಆ ಮಾತು ಯಾರೂ ಎತ್ತಬಾರದು. ತಪ್ಪನ್ನ ಹೊಟ್ಟೆಗೆ ಹಾಕ್ಕೊಳ್ಳೋದು ಅಂದ್ರೆ ಅದು. ನೀನು ತಿಂಗಳಿಂದ ನಿನ್ನ ತಪ್ಪಿಗೆ ಮೇವು ಹಾಕಿ ಕೊಬ್ಬಿಸ್ತಾ ಇದೀಯಲ್ಲೋ! ಮಂಚದ ಕಾಲಿಗೆ ತಪ್ಪು ಕಟ್ಟಿರೋ ಮನೇಲಿ ನಮ್ಮ ಹುಡುಗಿ ಮಲಗೋಲ್ಲ. ಇವತ್ತೇ ಇದು ಮುಗೀಬೇಕು. ನಿಮ್ಮ ಆಫೀಸಿನವರೂ ಬಂದು ತಿನ್ಬೇಕು. ಇಲ್ದಿದ್ರೆ ನಾವು ಹೊರಟ್ವಿ. ಎಲ್ಲಿ ನಿಮ್ಮ ಯಜಮಾನಿ ನಂಬರು?"

ಸಿತುಮ ಫೋನ್ ಒತ್ತಿ ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಕಥಂಬಿ ವಿಷಯ ಕೇಳಿದ ಕೂಡಲೇ ಕೂಗಾಡಿದಳು. ಸೋಮವಾರ ಹೊರದೇಶದವರು ಬರುತ್ತಾರೆ, ಮೇಕೆ ತೋರಿಸಬೇಕು, ಒಂದು ಕೂದಲು ಕೊಂಕಿದರೂ ಸಿತುಮನಿಗೆ ಕೆಲಸವಿಲ್ಲ ಎಂದಳು.

"ಹೊರದೇಶದವರಿಗೂ ಒಂದು ಪಾಲು ತೆಗೆದಿಡೋಣ, ತೊಂದ್ರೆ ಇಲ್ಲ," ಎಂದಳು ವಾಹು. "ನೀನು ಯಾವ ಕಡೆಯವಳಮ್ಮಾ?"

"ಮೇರು ಕಡೆ. ನಮ್ಮ ತಾತ ಪಂಚಾಯ್ತಿ ಹಿರಿಯರು. ತಪ್ಪಿಗೆ ಮೇಕೆ ಅನ್ನೋದು ಅವರ ಕಾಲದ ಕಟ್ಟಳೆ. ನಾನೇನು ಹೊಸದಾಗಿ ಮಾಡಿದ್ದಲ್ಲ."

"ಸಂತೋಷ. ದೊಡ್ಡ ಮನೆತನ. ಒಂದೇ ಒಂದು ಮಾತು ಕೇಳ್ತೀನಿ, ನಿಜ ಹೇಳು. ತಪ್ಪು ಮಾಡಿದವನು ಮೇಕೆ ತಂದು ಕೊಟ್ಟ ಮೇಲೆ ನಿಮ್ಮ ತಾತ ಅದನ್ನ ಏನ್ ಮಾಡ್ತಿದ್ರು?"

ಮಾನ್ಯರು ಬಳ್ಳಿ ಅಗಿಯುವುದು ಕೇಳುತ್ತಿತ್ತು.

"ತಿಂತಿದ್ರು," ಎಂದಳು ಕಥಂಬಿ ಕೊನೆಗೆ.

"ಯಾರ್ಯಾರು?"

"ಎಲ್ಲರೂ. ತಪ್ಪು ಮಾಡಿದವನನ್ನೂ ಪಕ್ಕದಲ್ಲಿ ಕೂರಿಸ್ಕೊಂಡು." ಆಮೇಲೆ ಆಕೆಯ ದನಿ ಪೂರ್ತಿ ಬೇರೆಯಾಗಿತ್ತು, ಸಣ್ಣ ಹುಡುಗಿಯ ದನಿ. "ನಂಗೆ ಯಾವಾಗ್ಲೂ ಪಕ್ಕೆಲುಬು ಕೊಡ್ತಿದ್ರು. ನಾನು ಬರೋ ತನಕ ಶುರು ಮಾಡ್ಬೇಡಿ."

ಒಂದು ಗಂಟೆಯಲ್ಲಿ ಎಲ್ಲರೂ ಬಂದರು. ಗುಯೊ ತನ್ನದೇ ಚಾಕು ತಂದಿದ್ದ. ತಲೆಯ ಭಾಗ ತನಗೆ ಎಂಬ ಒಪ್ಪಂದದ ಮೇಲೆ ಕೇರ್‌ಟೇಕರ್ ತಾರಸಿಯ ಬೀಗ ತೆಗೆದ. ಬಟ್ಟೆ ಒಣಹಾಕುವ ತಂತಿಗಳ ನಡುವೆ ಜಾಗ ಮಾಡಿದರು.

ಮೇಕೆಯನ್ನು ಮೇಲೆ ಕರೆದೊಯ್ಯಬೇಕಾದವನು ಸಿತುಮನೇ. ಹಗ್ಗ ಬಿಚ್ಚಿದಾಗ ಮಾನ್ಯರು ತಕರಾರು ಮಾಡಲಿಲ್ಲ. ದಿನಾ ಫೋಟೋಗೆ ಹೊರಡುವ ಹಾಗೆ ಹೊರಟು, ಮೆಟ್ಟಿಲಿನ ತಿರುವಿನಲ್ಲಿ ನಿಂತು, ಇವನು ಬರುತ್ತಿದ್ದಾನೋ ಇಲ್ಲವೋ ಎಂದು ತಿರುಗಿ ನೋಡಿದರು. ಮೂವತ್ತೊಂದು ದಿನ ಇದು ತೊಲಗಿದರೆ ಸಾಕು ಎಂದು ಹರಕೆ ಹೊತ್ತಿದ್ದ. ಈಗ ನೋಡಿದರೆ ಆ ಮೂವತ್ತೊಂದು ದಿನವೂ ಮನೆಗೆ ಬಂದಾಗ ಬಾಗಿಲ ಕಡೆ ಕಿವಿ ನಿಮಿರಿಸಿದ್ದು ಅದೊಂದೇ ಜೀವ. ಅವನು ತಾರಸಿಯ ಬಾಗಿಲಲ್ಲೇ ಹಗ್ಗವನ್ನು ಗುಯೊನ ಕೈಗೆ ಕೊಟ್ಟು ಗೋಡೆಯ ಕಡೆ ಮುಖ ಮಾಡಿ ನಿಂತ. ಗುಯೊ ಮೇಕೆಯ ಕಿವಿಯಲ್ಲಿ ತಮ್ಮ ಭಾಷೆಯಲ್ಲಿ ಏನೋ ಹೇಳಿ, ದೇವರ ಹೆಸರು ಹೇಳಿ, ಕೆಲಸ ಮುಗಿಸಿದ. ಕೂಗೂ ಕೇಳಲಿಲ್ಲ.

ಕೆಂಡದ ಮೇಲೆ ಮಾಂಸ ಸುಟ್ಟರು. ಅಕೆಯೊ ಜೊತೆಗೆ ತಿನ್ನಲು ಟೊಮೇಟೊ ಈರುಳ್ಳಿಯ ಕಚುಂಬರಿ ಹೆಚ್ಚಿದಳು. ದೊಡ್ಡಮ್ಮ ಮೊದಲ ತುಂಡನ್ನು ಉಪ್ಪಿನಲ್ಲಿ ಅದ್ದಿ ಸಿತುಮನ ಬಾಯಿಗೇ ಇಟ್ಟಳು. ಅವನು ಅಗಿದ. ಅಗಿಯುತ್ತಿದ್ದಂತೆ ಕಣ್ಣಿಂದ ನೀರು ಸುರಿಯಿತು.

"ಅಳು ಮಗಾ, ಒಳ್ಳೇದು. ತಪ್ಪು ಹೊರಗೆ ಹೋಗ್ತಾ ಇದೆ," ಎಂದಳು ವಾಹು.

ತಪ್ಪಿಗಾಗಿ ಅಲ್ಲ, ಮಾನ್ಯರಿಗಾಗಿ ಅಳುತ್ತಿದ್ದೇನೆ ಎಂದು ಸಿತುಮ ಹೇಳಲಿಲ್ಲ. ಮಾಂಸ ತುಂಬ ಮೆದುವಾಗಿತ್ತು. ಅದೇ ಇನ್ನೂ ಸಂಕಟ.

ಕಥಂಬಿ ಎರಡು ಪಕ್ಕೆಲುಬು ತಿಂದು ಮುಗಿಸಿದ ಮೇಲೆ ಮುಯಿಮಿ ಬೆರಳು ಒರೆಸಿಕೊಂಡು ಬಗ್ಗಿ ಕಾಲುಚೀಲಕ್ಕೆ ಕೈ ಹಾಕಿದ. ಯಾರೂ ಹೇಳಲಿಲ್ಲ, ಕೇಳಲಿಲ್ಲ. ಲ್ಯಾಪ್‌ಟಾಪ್ ತೆಗೆದು ಬಾಳೆಗೊನೆಯ ಪಕ್ಕ ಇಟ್ಟು ತಿಂಗಳ ಕೆಲಸವನ್ನು ಎಲ್ಲರ ಪಾತ್ರೆಗೆ ಸುರಿದ. ಆಫೀಸಿನ ದೀಪ ಕಥಂಬಿಯ ಫೋನಿನಲ್ಲೂ ಕಾಣುತ್ತಿತ್ತು. ಎಲ್ಲರೂ ಅದರ ಮೇಲೆ ಬಗ್ಗಿದರು. ಹಸಿರು. ಆ ಕ್ಷಣಕ್ಕೆ ಕಿಟಾಲೆಯ ಇಲ್ಲದ ಬಸ್ಸು ಎಲ್ಲರ ಫೋನಿನಿಂದ ಮಾಯವಾಯಿತು. ನಲವತ್ತು ಮಂದಿ ಮೂಟೆ ಎತ್ತಿಕೊಂಡು ಎದ್ದರು. ಚಹಾದಂಗಡಿಯವಳ ಹೊಟ್ಟೆಯ ಮೇಲೆ ಹೊಡೆದಂತಾಯಿತು, ಆದರೆ ಅದಕ್ಕೆ ಯಾರೇನು ಮಾಡಲಾದೀತು. ಅಕೆಯೊ ಎಣ್ಣೆ ಹಿಡಿದ ಗುಂಡಿಯನ್ನು ಚಾಕುವಿನ ತುದಿಯಿಂದ ಎಬ್ಬಿಸಿ ಒತ್ತಿದಳು. ಹಸಿರು. ಗುಯೊ ಒತ್ತಿದ. ಹಸಿರು.

ಸಿತುಮ ಮೂಗೊರೆಸಿಕೊಂಡು ತನ್ನ ಪಾಲು ಹಾಕಿದ.

ಕೆಂಪು.

ಅಗಿಯುತ್ತಿದ್ದವರು ಅಗಿಯುವುದು ನಿಲ್ಲಿಸಿದರು. ಕಥಂಬಿ ಅಭ್ಯಾಸಬಲದಿಂದ ಎದ್ದು ನಿಂತು, "ಯಾರದು?" ಎಂದಳು. ಕೇಳಿದ ಮೇಲೆ ಮುಂದೇನು ಹೇಳಬೇಕೆಂದು ಆಕೆಗೂ ಗೊತ್ತಾಗಲಿಲ್ಲ.

"ನಂದೇ ಮೇಡಂ."

"ಏನಾಯ್ತು?" ಎಂದಳು ದೊಡ್ಡಮ್ಮ.

"ಮತ್ತೆ ಕೆಡಿಸಿದ," ಎಂದಳು ಗಕೇನಿಯಾ. ಅಳಬೇಕೋ ನಗಬೇಕೋ ತಿಳಿಯದ ಮುಖ ಅವಳದು.

ವಾಹು ತಂಬಿಗೆ ತರಿಸಿ ನಿಧಾನವಾಗಿ ಕೈ ತೊಳೆದಳು. ಒಂದೊಂದೇ ಬೆರಳು ಒರೆಸಿದಳು. ಎಲ್ಲರೂ ಕಾದರು. ಅವಳು ಕಥಂಬಿಯ ಕಡೆ ತಿರುಗಿದಳು.

"ನಿಮ್ಮ ತಾತನ ಕಟ್ಟಳೆ ಪ್ರಕಾರ ಈ ಸಲ ಮೇಕೆ ಯಾರು ತರ್ಬೇಕು?"

"ಕೆಡಿಸಿದವನೇ," ಎಂದಳು ಕಥಂಬಿ.

"ಹಾಗಾದ್ರೆ ಮುಂದಿನ ಶನಿವಾರ ತರ್ಲಿ. ಇಲ್ಲಿಗಲ್ಲ, ನಮ್ಮೂರು ಮುರಾಂಗಕ್ಕೆ, ನಮ್ಮ ಅಂಗಳಕ್ಕೆ. ಈ ಹುಡುಗಿಯ ಅಪ್ಪನೂ ಮನೇಲಿ ಇರ್ತಾನೆ. ಇವನ ಕಡೆ ಹಿರಿಯರು ಯಾರಾದ್ರೂ ಇದ್ರೆ ಕರ್ಕೊಂಡು ಬರ್ಲಿ. ನೀವೂ ಎಲ್ಲರೂ ಬನ್ನಿ."

ಹೆಣ್ಣಿನ ಮನೆಯ ಅಂಗಳಕ್ಕೆ ಗಂಡು ಹಿರಿಯರ ಜೊತೆ ಮೇಕೆ ಹೊಡೆದುಕೊಂಡು ಹೋಗುವುದು ಹೆಣ್ಣು ಕೇಳಲಿಕ್ಕೇ ಎಂದು ಆ ತಾರಸಿಯ ಮೇಲೆ ಗೊತ್ತಿಲ್ಲದವರು ಯಾರೂ ಇರಲಿಲ್ಲ. ಚಿಕ್ಕಮ್ಮಂದಿರು ಮತ್ತೆ ಉಲಿ ಹಾಕಿದರು. ಕೆಳಗಿನ ಮಹಡಿಯಿಂದ ಯಾರೋ, "ಇನ್ನೊಂದು ಮಗುವಾ?" ಎಂದು ಕೂಗಿದರು. ಸಿತುಮ ಕೆಂಪು ದೀಪ ಸರಿಮಾಡಲು ಲ್ಯಾಪ್‌ಟಾಪಿನ ಮೇಲೆ ಬಗ್ಗಿದ. ಕಣ್ಣು ಮಂಜಾಗಿ ಒಂದು ಅಕ್ಷರವೂ ಕಾಣಲಿಲ್ಲ, ಮೂಗಿನಿಂದ ಹನಿ ಕೀಲಿಮಣೆಯ ಮೇಲೆ ಬೀಳುತ್ತಿತ್ತು.

ಗಕೇನಿಯಾ ಲ್ಯಾಪ್‌ಟಾಪನ್ನು ಅವನ ಕೈಯಿಂದ ಕಿತ್ತುಕೊಂಡು ಮುಯಿಮಿಯ ತೊಡೆಯ ಮೇಲಿಟ್ಟಳು.

"ನೀನು ಸರಿಮಾಡು," ಎಂದಳು. "ಇವನು ಅಳೋದನ್ನ ಮುಗಿಸ್ಲಿ."